ಹೆಬ್ಬೆರಳಿನಲ್ಲಿ ನನ್ನ ಹೆಸರು

ನಾನು, ವಿಶ್ರಾಮ ಗೋಪಾಳ ಡೋಂಗರೆ, ವಯಸ್ಸು 68, ಕಾಲೇಜಿನ ನಿವೃತ್ತ ಪ್ರಯೋಗಾಲಯ ಸಹಾಯಕ, ವಾಸ ಸೋಮವಾರ ಪೇಟೆ, ಕರಾಡ, ಸಾತಾರಾ ಜಿಲ್ಲೆ, ಮನೆಯಲ್ಲಿ ಒಬ್ಬನೇ, ಪೊಲೀಸ್ ಠಾಣೆಯಲ್ಲಿ ಈ ಮೂಲಕ ತಿಳಿಸುವುದೇನೆಂದರೆ:

ಹೆಸರು ಬರೆಯಕೂಡದೆಂದು ತಾವು ಹೇಳಿದ್ದರಿಂದ ಸದರಿ ಬಾಲಕಿ ಎಂದಷ್ಟೇ ಬರೆದಿದ್ದೇನೆ. ವಯಸ್ಸು 9, ನಾಲ್ಕನೇ ತರಗತಿ. ಎದುರು ಮನೆ, ನನ್ನ ಬಾಗಿಲಿನಿಂದ ಹನ್ನೊಂದು ಹೆಜ್ಜೆ. ಶಾಲೆಯ ವ್ಯಾನ್ ಆಕೆಯನ್ನು ತಂದು ಬಿಡುವುದು ಸಂಜೆ 5.15ಕ್ಕೆ, ತಾಯಿ ಕೆಲಸದಿಂದ ಬರುವುದು 6.30ಕ್ಕೆ. ನಡುವೆ ಒಂದೂಕಾಲು ಗಂಟೆ ಆಕೆ ನನ್ನ ಮನೆಯಲ್ಲಿ ಕೂರುತ್ತಾಳೆ. ಕೂರುತ್ತಿದ್ದಳು.

ದಿನಾಂಕ 11-1-2024, ಗುರುವಾರ, ಶಾಲೆಯಲ್ಲಿ ಮೃಣಾಲ್ ಬಾಯಿ ಎಂಬ ಶಿಕ್ಷಕಿ ಮಕ್ಕಳ ಸುರಕ್ಷತೆಯ ಪಾಠ ಮಾಡಿದರು. ಪ್ರತಿ ಮಗುವೂ ತನ್ನ ಅಂಗೈ ಕಾಗದದ ಮೇಲಿಟ್ಟು ಗೆರೆ ಎಳೆದು, ಐದು ಬೆರಳಿಗೆ ನಂಬಿಕೆಯ ಐದು ದೊಡ್ಡವರ ಹೆಸರು ಬರೆಯಬೇಕು. ಹೆದರಿಕೆಯಾದರೆ ಅವರಿಗೆ ಹೇಳಬೇಕು. ಒಂದು ಬೆರಳು ಕೇಳದಿದ್ದರೆ ಇನ್ನೊಂದು ಬೆರಳಿಗೆ ಹೋಗಬೇಕು. ಆ ಐದೂ ಜನರ ಒಪ್ಪಿಗೆ ಕೇಳಿಬರಲು ಹೇಳಿದ್ದರಂತೆ. ಆಕೆ ನನ್ನನ್ನು ಆಜೋಬಾ, ಅಂದರೆ ಅಜ್ಜ, ಎಂದೇ ಕರೆಯುವುದು. ಸಂಜೆ ಕಾಗದ ತೋರಿಸಿ, ಆಜೋಬಾ, ನಿಮ್ಮನ್ನ ಹೆಬ್ಬೆರಳಿಗೆ ಹಾಕಿದೀನಿ, ಆಗ್ತೀರಾ ಎಂದಳು. ಕಿರುಬೆರಳಾದ್ರೂ ಸಾಕಿತ್ತಲ್ಲೇ ಎಂದೆ. ಅದು ಖಿಚಡಿ ಬಾಯೀದು, ಆಗ್ಲೇ ಬುಕ್ ಆಗಿದೆ ಎಂದಳು. ನನ್ನ ಹೆಂಡತಿ ಕುಸುಮ ತೀರಿಕೊಂಡು ಆರು ವರ್ಷ. ಆಮೇಲೆ ನನ್ನ ಹೆಸರನ್ನು ಯಾರೂ ಬಣ್ಣದ ಪೆನ್ಸಿಲ್ಲಿನಲ್ಲಿ ಬರೆದಿರಲಿಲ್ಲ. ಇದು ಕೇಸಿಗೆ ಬೇಡವಾದರೆ ಹೊಡೆದುಹಾಕಬಹುದು.

16-1-2024, ಮಂಗಳವಾರ, ಸಂಕ್ರಾಂತಿಯ ಮರುದಿನ, ವ್ಯಾನ್ ಬಂದದ್ದು 5.40ಕ್ಕೆ. ಆಕೆ ಚೀಲ ಇಳಿಸದೆ ಹೇಳಿದ್ದು: ಉಳಿದ ಮಕ್ಕಳನ್ನು ಇಳಿಸಿದ ಮೇಲೆ ಚಾಲಕ ಬಬನ ಘೋಲಪ ತನ್ನನ್ನು ಮುಂದಿನ ಸೀಟಿಗೆ ಕರೆಯುತ್ತಾನೆ, ನದಿಯ ದಾರಿಯಲ್ಲಿ ಗಾಡಿ ನಿಲ್ಲಿಸುತ್ತಾನೆ, ಎಳ್ಳುಂಡೆ ಕೊಡುತ್ತಾನೆ, ಯಾರಿಗೂ ಹೇಳಬೇಡ ಎನ್ನುತ್ತಾನೆ, ಹೇಳಿದರೆ ವ್ಯಾನ್ ನಿಂತು ಅಮ್ಮನ ಕೆಲಸ ಹೋಗುತ್ತದಂತೆ.

ನಾನು ಕೊನೆಯ ಮಾತಿಗೆ ಕಿವಿಗೊಡಲಿಲ್ಲ. ಎಳ್ಳುಂಡೆ ಎಂಬಲ್ಲಿಗೇ ನಿಂತೆ. ನಮ್ಮಲ್ಲಿ ರಥಸಪ್ತಮಿಯವರೆಗೂ ಎದುರು ಸಿಕ್ಕವರೆಲ್ಲ ಎಳ್ಳುಂಡೆ ಕೊಡುತ್ತಾರೆ, ಬೇಡವೆನ್ನುವ ರೂಢಿಯಿಲ್ಲ. ಹಬ್ಬದ ಸಿಹಿ ಕಣೇ, ತಿಂದು ಸುಮ್ನಿರು ಎಂದೆ. ಹಾಗಾದ್ರೆ ಹೇಳ್ಬೇಡ ಅಂತ ಯಾಕಂದ ಎಂದು ಕೇಳಿದಳು. ನಾನು ಚಹಾಕ್ಕೆ ನೀರಿಡುತ್ತಿದ್ದೆ. ತಿರುಗಿ ನೋಡುವಷ್ಟರಲ್ಲಿ ಹೊರಟುಹೋಗಿದ್ದಳು. ತಮ್ಮ ಮನೆಯ ಬೀಗದ ಬಾಗಿಲ ಮುಂದೆ ಮೆಟ್ಟಿಲ ಮೇಲೆ 6.30ರವರೆಗೆ ಕೂತಿದ್ದಳು. ಕಿಟಕಿಯಿಂದ ಕಂಡಿದ್ದೇನೆ. ಬುಧವಾರವೂ ಅಲ್ಲೇ ಕೂತಳು. ಎರಡು ಸಲ ಕರೆದೆ.

18ರಂದು, ಗುರುವಾರ, ಊಟದ ಹೊತ್ತಿಗೆ ಆಕೆ ಶಾಲೆಯಲ್ಲಿ ಅಡುಗೆ ಮಾಡುವ ಹೌಸಾಬಾಯಿಗೆ, ಅಂದರೆ ಕಿರುಬೆರಳಿನ ಖಿಚಡಿ ಬಾಯಿಗೆ, ಹೇಳಿದಳು. ಹೌಸಾಬಾಯಿ ಸೌಟು ಹಿಡಿದೇ ಮೃಣಾಲ್ ಬಾಯಿಯವರ ತರಗತಿಗೆ ಹೋದರು. ಅಂದು ಬಾಲಕಿಯನ್ನು ವ್ಯಾನ್ ಹತ್ತಿಸಲಿಲ್ಲ. ಸಂಜೆ 5ಕ್ಕೆ ಹೌಸಾಬಾಯಿಯೇ ನಡೆಸಿಕೊಂಡು ಬಂದು ನನ್ನ ಬಾಗಿಲಲ್ಲಿ ನಿಂತು, ಏನ್ರೀ ಕಾಕಾ, ನಾನು ಅಕ್ಷರ ಬಾರದೋಳು, ನನಗೆ ಅರ್ಥ ಆಯ್ತು. ಕಾಲೇಜಲ್ಲಿದ್ದೋರು ನೀವು, ಏನು ಕಡಿದು ಗುಡ್ಡೆ ಹಾಕಿದ್ರಿ ಎಂದರು.

ಹುಡುಗಿ ಯಾರಿಗೂ ಹೇಳಿರಲಿಲ್ಲ, ಅಡುಗೆಯವಳು ಕಲಿಸಿಕೊಟ್ಟದ್ದು ಎಂದು ಘೋಲಪ ಹೇಳಿದ್ದಾನೆಂದು ಇಲ್ಲಿ ತಿಳಿಯಿತು. ಅದು ಸುಳ್ಳು. ಎರಡು ದಿನ ಮೊದಲೇ ನನಗೆ ಹೇಳಿದ್ದಳು. ಪ್ಲೀಸ್ ನೋಟ್. ಅವಳು ಹೇಳಿದಳು, ನಾನು ಕೇಳಲಿಲ್ಲ. ಬೇಕಾದರೆ ನ್ಯಾಯಾಲಯದಲ್ಲಿ ಎಲ್ಲರ ಎದುರು ಇದನ್ನೇ ಹೇಳುತ್ತೇನೆ.

ತಾವು ಗುರುತಿಸಲು ತೋರಿಸಿದ ಕಾಗದ ಅದೇ. ಹೆಬ್ಬೆರಳಿನಲ್ಲಿರುವುದು ನನ್ನ ಹೆಸರೇ. 11ರಂದು ಆ ಹೆಸರಿನ ಮೇಲೆ ಹೊಡೆದುಹಾಕಿದ ಗೆರೆ ಇರಲಿಲ್ಲ. ಒಂದೇ ಗೆರೆ ಎಳೆದಿದ್ದಾಳೆ, ಅಡಿಯಲ್ಲಿ ಹೆಸರು ಇನ್ನೂ ಓದಲು ಬರುತ್ತದೆ. ಮೂಲ ಪ್ರತಿ ಪುರಾವೆಗೆ ಬೇಕೆಂದಿರಿ. ಒಂದು ಜೆರಾಕ್ಸ್ ನನಗೆ ಸಿಗಬಹುದೇ ಎಂದು ವಿನಂತಿ.

ಇಷ್ಟೂ ನಾನೇ ಕಂಡು ಕೇಳಿದ್ದು, ಯಾರ ಒತ್ತಾಯವೂ ಇಲ್ಲ; ಓದಿ ಹೇಳಿದ್ದು ಕೇಳಿದೆ, ಸರಿಯಿದೆ.

ಸ್ಥಳ: ಕರಾಡ
ದಿನಾಂಕ: 19-1-2024, ಸಂಜೆ 5.15
ಸಹಿ: ವಿ. ಗೋ. ಡೋಂಗರೆ