ಕರಪತ್ರದ ನಾಲ್ಕು ಖಾಲಿ ಗೆರೆ

ಜೆರಾಕ್ಸ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಅಕ್ಕ, ತಮ್ಮ ನಿಂತಿದ್ದರು. ಅಕ್ಕನ ಕೊರಳಲ್ಲಿ ಬಟ್ಟೆ ಹೊಲಿಯುವವರ ಅಳತೆ ಟೇಪು ಇನ್ನೂ ನೇತಾಡುತ್ತಿತ್ತು. ತಮ್ಮನ ಕೈಯಲ್ಲಿದ್ದ ಚುನಾವಣೆಯ ಕರಪತ್ರದಲ್ಲಿ ಅವಳದೇ ಫೋಟೊ.

“ಅಕ್ಕಾ, ರಸ್ತೆ ಮಾಡಿಸಿದ್ದು ಆ ಪಕ್ಷ ಅಂತ ಬರೆದಿದೀಯ.”

“ಅವರೇ ಅಲ್ವೇನೋ ಮಾಡಿಸಿದ್ದು?”

“ನೀರಿನ ಟ್ಯಾಂಕು ಇನ್ನೊಂದು ಪಕ್ಷದ್ದು ಅಂತಾನೂ ಬರೆದಿದೀಯ.”

“ದಿನಾ ಅದೇ ನೀರು ಕುಡಿದು ಇಲ್ಲ ಅನ್ನೋಕಾಗುತ್ತಾ?”

“ನಮ್ಮ ಕರಪತ್ರದಲ್ಲಿ ಅವರ ಹೊಗಳಿಕೆ! ನಾವು ಮಾಡಿದ್ದು ಎಲ್ಲಿದೆ?”

“ನಮ್ಮ ಪಕ್ಷ ಹುಟ್ಟಿ ಎಂಟು ತಿಂಗಳು. ಮಾಡದೇ ಇರೋದನ್ನ ಹೇಗೋ ಬರೀಲಿ?”

“ಕೆಳಗೆ ನಾಲ್ಕು ಗೆರೆ ಯಾಕೆ ಖಾಲಿ?”

“ಏನಾಗಬೇಕು ಅಂತ ಆಯಾ ಮನೆಯವರೇ ಬರೀಲಿ. ವಾರ ಬಿಟ್ಟು ಹೋಗಿ ಇಸ್ಕೊಂಡು ಬರೋಣ.”

“ಆರುನೂರು ಮನೆಗೂ ಎರಡೆರಡು ಸಲ? ನಾವಿರೋದೇ ನಲವತ್ತೊಂದು ಜನ!”

“ಶುರುವಿನಲ್ಲಿ ನಾನು, ನೀನು ಇಬ್ಬರೇ ಇದ್ವಿ ಕಣೋ.”

ತಮ್ಮ ಕರಪತ್ರವನ್ನು ಅಂಗಡಿಯವನ ಮುಂದಿಟ್ಟ. ಅಂಗಡಿಯವನು ಕಾಗದ ತೆಗೆದುಕೊಂಡು ಮೇಲಿಂದ ಕೆಳಗಿನವರೆಗೂ ಓದಿದ.

“ಇದೆಂಥಾ ಪಕ್ಷನಮ್ಮಾ? ಅವರನ್ನೂ ಬೈದಿಲ್ಲ, ಇವರನ್ನೂ ಬೈದಿಲ್ಲ.”

ಅಕ್ಕ ಬಾಯಿ ತೆರೆಯುವ ಮೊದಲೇ ತಮ್ಮ ಇಡೀ ಸಾಲಿಗೆ ಕೇಳುವ ಹಾಗೆ ಹೇಳಿದ:

“ಯಾರನ್ನೂ ಬೈದಿಲ್ಲ ಅಲ್ವಾ? ಅದೇ ನಮ್ಮ ಪಕ್ಷ.”

ಬಿಸಿ ಆರದ ಪ್ರತಿಗಳ ಕಟ್ಟನ್ನು ಎದೆಗವಚಿಕೊಂಡು ಅವನೇ ಮುಂದೆ ನಡೆದ. ಅಕ್ಕ ಹೋಗುವಾಗ ನನ್ನ ಕೈಗೂ ಒಂದು ಪ್ರತಿ ಇಟ್ಟಳು. ಸಾಲಿನಲ್ಲೇ ನಿಂತು ಪೆನ್ನು ತೆಗೆದೆ. ನಾಲ್ಕು ಗೆರೆ ಸಾಲಲಿಲ್ಲ.