ಅಪ್ಪ ಬರೀಲಾರದ ಹೆಸರು

…ಅದಕ್ಕ ಹೇಳಾಕತ್ತೀನಿ, ನಿನ್ನ ವಯಸ್ಸಿನಾಗ ನನಗ ಕೂತಲ್ಲಿ ಕೂಡಾಕ ಆಗ್ತಿದ್ದಿಲ್ಲ ನೋಡು ಶರಣಿ. ಕಾಲು ಸುಮ್ಮನ ಇರ್ತಿದ್ದಿಲ್ಲ. ನಿಜಾಮನ ಕಡಿ ರಜಾಕಾರರ ಅಂಜಿಕಿಗೆ ಕಮಲಾಪುರದಾಗ ಹರೇದ ಹುಡುಗ್ಯಾರಿಗೆ ಹೊಸ್ತಿಲ ದಾಟಾಕ ಬಿಡ್ತಿದ್ದಿಲ್ಲ. ನಮ್ಮಪ್ಪ ಸಾಲಿ ಮಾಸ್ತರ, ಅವರ ಕೈಗೆ ಸಿಗಬಾರದಂತ ಗಡಿ ದಾಟಿ ಸೊಲ್ಲಾಪುರದ ಕಡಿ ಹೋಗಿದ್ದ. ಮನ್ಯಾಗ ನಾನು, ಅವ್ವ, ಅಪ್ಪನ ಸೈಕಲ್. ಯಾರರೆ ಒಯ್ದಾರು ಅಂತ ಅದನ್ನ ಹಿತ್ತಲದಾಗ ಜ್ವಾಳದ ಕಣಕಿ ಒಳಗ ಮುಚ್ಚಿಟ್ಟಿದ್ವಿ. ಎಷ್ಟು ದಿನ, ಎರಡು ತಿಂಗಳ, ಅಲ್ಲ, ಮೂರರ ಮ್ಯಾಲ ಆಗಿತ್ತು. ಒಂದಿನ ಮಧ್ಯಾಹ್ನ ತಡೀಲಿಲ್ಲ, ಹೊರಗ ಎಳದ್ನಿ. ಗ್ವಾಡಿ ಎತ್ತರ ಇತ್ತು, ಹೊರಗಿನವರಿಗೆ ಕಾಣ್ತಿದ್ದಿಲ್ಲ. ಬೇವಿನ ಗಿಡದ ಸುತ್ತ ಸುತ್ತಿದ್ದ ಸುತ್ತಿದ್ದು. ಬಿದ್ನಿ, ಮೊಣಕಾಲು ಸುಲೀತು, ಮತ್ತ ಹತ್ತಿದ್ನಿ. ಅವ್ವ ರೊಟ್ಟಿ ಬಡಿಯೋದು ಬಿಟ್ಟು ಬಂದು ನಿಂತಳು. ಬೈತಾಳ ಅಂತ ನಾ ತಿಳಿದಿದ್ನಿ. "ಕಚ್ಚಿ ಹಾಕ್ಕೊ, ಸೆರಗು ಗಾಲ್ಯಾಗ ಸಿಗ್ತದ" ಅಂದ್ಳು, ಅಷ್ಟ.

ಆಮ್ಯಾಲ ಪೊಲೀಸ್ ಆಕ್ಷನ್ ಆತು, ಮಿಲಿಟ್ರಿ ಬಂತು, ಅಪ್ಪ ತಿರುಗಿ ಬಂದ. ಮುಂದಿನ ವರ್ಷ ಕಮಲಾಪುರದಿಂದ ಕಲಬುರಗಿಗೆ ಸೈಕಲ್ ರೇಸ್ ಇಟ್ರು. ಇಪ್ಪತ್ತು ಮೈಲಿ ಮ್ಯಾಲ, ಗೊತ್ತದ ಇಲ್ಲ? ಹೆಸರು ಬರಸಾಕ ಹೋದ್ರ ಗುಮಾಸ್ತ ತಲಿ ಎತ್ತಲಿಲ್ಲ. "ಹೆಣ್ಮಕ್ಕಳಿಗೆ ರಂಗೋಲಿ ಅದ, ಚಮಚದಾಗ ನಿಂಬಿಹಣ್ಣು ಅದ. ಯಾವುದು ಬರೀಲಿ?" "ಸೈಕಲ್ ಬರೀರಿ." "ಸೈಕಲ್ ಗಂಡಸರಿಗವ್ವ." ಅಪ್ಪಗ ಹೇಳಿದ್ರ ಅವ ನನ್ನ ಮಾರಿ ನೋಡಲಿಲ್ಲ. "ನಿನ್ನ ನೋಡಾಕ ಬೀಗರು ಬರೋರು ಅದಾರ. ಬ್ಯಾಡ" ಅಂದ. ರೇಸ್ ಮುಗಿಯೋ ಜಾಗಾದಾಗ ಬಂದವರ ಹೆಸರು ಬರ್ಕೊಳ್ಳೋ ಕೆಲಸ ಅಪ್ಪಂದ. ಅದಕ್ಕ ಹಿಂದಿನ ದಿನ ಅವ ಮೋಟಾರ್‌ದಾಗ ಕಲಬುರಗಿಗೆ ಹೋದ. ಸೈಕಲ್ ಮನ್ಯಾಗ ಉಳೀತು.

ಮುಂಜಾನಿ ಗಂಡಸರು ಊರ ಚಾವಡಿಯಿಂದ ಹೊಂಟ್ರು, ಹನ್ನೆರಡು ಮಂದಿ. ನಾ ಸೈಕಲ್ ಹಿಡ್ಕೊಂಡು ಊರ ಹೊರಗ ನಿಂತಿದ್ನಿ. ಎಲ್ಲಾರೂ ದಾಟಿ ಹೋದ ಮ್ಯಾಲ ಹಿಂದ ಬಿದ್ನಿ. ಕಾಲಿಗೆ ಒಂಥರಾ ಖುಷಿ. ಮಹಾಗಾಂವ ಹತ್ರ ಸೀರಿ ಅಂಚು ಚೈನಿನಾಗ ಸಿಕ್ಕು ಧಪ್ಪನ ಬಿದ್ನಿ. ರಸ್ತೆ ದಂಡಿಗೆ ನಿಂತವರು ನಕ್ರು. ಒಬ್ಬ "ಮನಿಗಿ ನಡಿ, ಒಲಿ ಆರ್ತದ" ಅಂದ. ನಾ ಅಂಚು ಹರದು ಒಗದು ಮತ್ತ ಹತ್ತಿದ್ನಿ. ಒಬ್ಬೊಬ್ಬರನ್ನ ಹಿಂದ ಹಾಕ್ಕೋತ ಕಪನೂರ ದಾಟೋದ್ರಾಗ ನನ್ನ ಮುಂದ ಮೂವರು, ರೇಸ್ ಮುಗಿಯೋ ಮೈದಾನ ಮುಟ್ಟೋದ್ರಾಗ ಇಬ್ಬರು. ಮೂರನೇದಾಕಿ ನಾನ.

ಅಪ್ಪ ಮೇಜಿನ ಮುಂದ ಪೆನ್ನು ಹಿಡದು ಕೂತಿದ್ದ. ನನ್ನ ನೋಡಿದ. ಖರೆ ನೋಡಿದ, ಕಣ್ಣಿಗೆ ಕಣ್ಣು ಕೂಡಿತು. ಆಮ್ಯಾಲ ತಲಿ ಬಗ್ಗಿಸಿ, ನನ್ನ ಹಿಂದ ಬಂದವನ ಹೆಸರು ಮೂರನೇದು ಅಂತ ಬರದ. ಆ ಹುಡುಗ ಖಾಸಿಂ ಅಂತ, ಸೈಕಲ್ ರಿಪೇರಿ ಮಾಡೋನು. ಪೊಲೀಸ್ ಆಕ್ಷನ್ ಆದ ಮ್ಯಾಲ ಮುಸಲ್ಮಾನ ಮಂದಿ ದನಿ ಎತ್ತಿ ಮಾತಾಡಾಕ ಅಂಜ್ತಿದ್ರು, ತಿಳೀತಾ? ರೇಸ್ ನಡಸೋ ಸರಕಾರಿ ಸಾಹೇಬರು ಅವನ ಹೆಸರು ಕರದು ಮೂರನೇ ಇನಾಮಿನ ಕಪ್ಪು ಕೊಡಾಕ ಬಂದ್ರ ಅವ ಕೈ ಹಿಂದ ಕಟ್ಟಿ ನಿಂತ. "ನಕ್ಕೋ ಸಾಬ್, ಬ್ಯಾಡ್ರಿ. ಈ ಅಕ್ಕ ನನ್ನ ಮುಂದ ಬಂದಾರ್ರಿ. ನಾ ನಾಕನೇದಾವ." ಸಾಹೇಬರು "ಆಕಿ ಹೆಸರು ಪಟ್ಟಿಯಾಗ ಇಲ್ಲೋ" ಅಂದ್ರು. "ಪಟ್ಟಿಯಾಗ ಇಲ್ರಿ, ರಸ್ತೇದಾಗ ಇದ್ರು" ಅಂದ ಖಾಸಿಂ. ನನಗೂ ಕೊಡಲಿಲ್ಲ, ಅವನೂ ತಗೊಳ್ಳಲಿಲ್ಲ. ಕಪ್ಪು ಮೇಜಿನ ಮ್ಯಾಲ ಹಂಗ ಉಳೀತು.

ತಿರುಗಿ ಬರೋವಾಗ ಅಪ್ಪ ಸೈಕಲ್ ತಳ್ಕೋತ ನನ್ನ ಜೋಡಿ ನಡದ. ತಾಜಸುಲ್ತಾನಪುರದ ದಾರಿ ಹತ್ರ ನಿಂತ. "ಮೂರನೇದು ನೀನ ಬಂದಿದ್ದಿ. ನಾ ನೋಡೀನಿ." "ಮತ್ಯಾಕ ಬರೀಲಿಲ್ಲ ಅಪ್ಪಾ?" "ಅಂಜಿದ್ನಿ ಮಗಾ." ನನ್ನಪ್ಪ ಹಂಗಂದಿದ್ದು ಅದ ಮೊದಲು, ಅದ ಕಡೀದು. ನನಗ ಸಿಟ್ಟು ಬಂತು, ಅಳೂನೂ ಬಂತು.

ಬೀಗರು ಬರಲಿಲ್ಲ ಬಿಡು, ಸುದ್ದಿ ಮುಟ್ಟಿತ್ತು. ಎರಡು ತಿಂಗಳಿಗೆ ಒಬ್ಬಾಕಿ ಡಾಕ್ಟರಮ್ಮ ಹಳ್ಳಿ ಹಳ್ಳಿಗೆ ಹೋಗಿ ಕೂಸುಗಳಿಗೆ ಮೈಲಿ ಬ್ಯಾನಿ ಬರದಂಗ ಸೂಜಿ ಹಾಕಾಕ ಒಬ್ಬ ಹುಡುಗಿ ಬೇಕು, ಕಲಿಸ್ತೀನಿ ಅಂದ್ರು. ನನ್ನ ಕೇಳದನ ಅಪ್ಪ ತಾನ ಹೋಗಿ ನನ್ನ ಹೆಸರು ಬರಸಿದ, ಸೈಕಲ್ ನನಗ ಬಿಟ್ಟು ತಾ ಸಾಲಿಗೆ ನಡಕೋತ ಹೋದ. ಮೂವತ್ತು ವರ್ಷ ಆ ಕೆಲಸ ಮಾಡೀನಿ.

ಖಾಸಿಂಗ ಒಂದು ಮಾತು ಹೇಳಾಕ ಆಗಲೇ ಇಲ್ಲ ನೋಡು, ಅವ ಹೈದರಾಬಾದಿಗೆ ಹೋದ್ನಂತ. ಅದಕ್ಕ ಹೇಳ್ತೀನಿ, ಯಾರರೆ ನಿನ್ನ ಕೈಯಾಗ ಏನರೆ ತಂದಿಟ್ರ, ಮೊದಲ ಇದು ಯಾರದು ಅಂತ ಕೇಳು. ನಿಂದಲ್ಲಂದ್ರ ಖಾಸಿಂನಂಗ ಬ್ಯಾಡ ಅನ್ನು, ನಿಂದಾದ್ರ ಗಟ್ಟಿ ಹಿಡಿ. ಹೂಂ, ಏಳು, ಉಂಬೂನು.