ಅಸದ್ ಜೂ ಅಂಗಡಿಯಲ್ಲಿ ಏನೂ ಉಳಿದಿಲ್ಲ

...ಅಲ್ಲ, ನೀನೇ ಹೇಳು ಶಬಾನ್, ಮಾರೋದು ಅಪರಾಧ, ಇಟ್ಕೊಳ್ಳೋದೂ ಅಪರಾಧ. ಹಾಗಾದ್ರೆ ಹೊಲಿಯೋದು ಕಲಿತ ಈ ಕೈಗಳನ್ನ ಏನು ಮಾಡ್ಲಿ? ಇವನ್ನೂ ಗಂಟು ಕಟ್ಟಿ ನಿಮ್ಮ ಜೀಪಿಗೆ ಹಾಕ್ಲಾ? ಯಾಕೆ ನಗ್ತೀಯ? ನಗ್ಲಿಲ್ವಾ... ಸರಿ, ನನಗೇ ಹಾಗೆ ಕಂಡಿರಬೇಕು. ಬಾ, ಒಳಗೆ ಬಾ. ಹೊಸ್ತಿಲ ಮೇಲೆ ಕೂತ್ರೆ ಬೀದಿಯವರು ಗಿರಾಕಿ ಅಂದ್ಕೋತಾರೆ. ಗಿರಾಕಿ! ಅಸದ್ ಜೂ ತುಪ್ಪಳದ ಅಂಗಡಿಗೆ ಗಿರಾಕಿ!

ಈ ಕಡೆ ಕೂತ್ಕೋ, ಬಿಸಿಲು ಬೀಳೋ ಕಡೆ. ಮನೆ ಅಳಿಯ ನೀನು, ನನ್ನ ತಂಗಿ ಗಂಡ. ನಿನ್ನನ್ನ ನೆರಳಲ್ಲಿ ಕೂರಿಸಿದೆ ಅಂತ ಗೊತ್ತಾದ್ರೆ ಹಲೀಮಾ ನನ್ನ ಬಿಡ್ತಾಳಾ? ಕಾಂಗ್ಡಿ ಬೇಕಾ, ಮಡಿಲಲ್ಲಿ ಇಟ್ಕೊಳ್ಳೋಕೆ? ಕೆಂಡ ಇನ್ನೂ ಇದೆ. ಹೊರಗೆ ವಸಂತ ಬಂದ್ರೂ ಈ ಗೋಡೆಗಳಿಗೆ ಸುದ್ದಿ ಮುಟ್ಟೋದಿಲ್ಲ. ಯೂನಿಫಾರ್ಮ್‌ನಲ್ಲೇ ಬಂದಿದ್ದೀಯ. ಅಂದ್ರೆ ಕಾಡಿನ ಗಾರ್ಡ್ ಆಗಿ ಬಂದ್ಯೋ, ಭಾವನ ಅಂಗಡಿಗೆ ಬಂದ್ಯೋ? ...ಹೇಳ್ಬೇಡ ಬಿಡು. ಚಹಾ ಕುಡಿ. ಉಪ್ಪಿನ ಚಹಾ, ಸಮೋವಾರ್‌ನಿಂದ ಈಗಷ್ಟೇ ಬಗ್ಗಿಸಿದ್ದು. ರೊಟ್ಟಿ ತಣ್ಣಗಾಗಿದೆ, ಅದ್ದಿಕೊಂಡು ತಿನ್ನು.

ನನಗೆಲ್ಲಾ ಗೊತ್ತು. ನಾಳೆ ಬೆಳಗ್ಗೆ ನಿಮ್ಮ ಇಲಾಖೆ ಜೀಪು ಬರುತ್ತೆ, ಅಂಗಡೀಲಿ ಇರೋದನ್ನೆಲ್ಲಾ ಹೊತ್ಕೊಂಡು ಹೋಗುತ್ತೆ. ನೀನು ಇವತ್ತು ಸಾಹೇಬರ ಮುಂದೆ ನಿಂತು ಮಾತು ಕೊಟ್ಟಿದ್ದೂ ಗೊತ್ತು. ಹಲೀಮಾ ಫೋನ್ ಮಾಡಿದ್ಲು. "ನನ್ನ ಭಾವನ ಹತ್ರ ಇರೋದೆಲ್ಲಾ ಅಂಗಡಿಯಲ್ಲೇ ಇದೆ. ಮನೆ ಹೆಂಗಸರ ಮುಂದೆ ಶೋಧ ಬೇಡ. ಹೊರಗೆ ಒಂದು ತುಂಡು ಸಿಕ್ಕಿದ್ರೂ ನನ್ನ ನೌಕರಿ ಕಿತ್ಕೊಳ್ಳಿ" ಅಂದ್ಯಂತೆ. ಹೇಳ್ತಾ ಹೇಳ್ತಾ ಅತ್ತಳು ಹುಡುಗಿ. ಹೆಮ್ಮೆಗೆ ಅತ್ತಳೋ, ಹೆದರಿಕೆಗೋ... ಅಲ್ಲ ಮಾರಾಯ, ಅಷ್ಟು ದೊಡ್ಡ ಮಾತು ಯಾಕೆ ಆಡಿದೆ? ಯಾರು ಕೇಳಿದ್ರು ನಿನ್ನ? "ಭಾವ ಒಳ್ಳೆಯವನು" ಅಂದಿದ್ರೆ ಸಾಕಿತ್ತು! ನೌಕರಿ ಯಾಕೆ ನಡುವೆ ತಂದೆ?

ಕೋಪ ಅಲ್ಲ ಇದು. ನಾನು ಕೂಗಿದ್ರೆ ಕೋಪ ಅಂತ ಎಲ್ಲರೂ ತಿಳ್ಕೋತಾರೆ. ನನ್ನ ಗಂಟಲೇ ಹೀಗೆ.

ನೋಡು, ಗಂಟುಗಳು ಸಿದ್ಧ ಇವೆ. ಬಿಚ್ಚಿ ನೋಡು ಬೇಕಾದ್ರೆ. ಇದರಲ್ಲಿ ನರಿ. ಆ ನೀಲಿ ಬಟ್ಟೇಲಿ ಕಾಡುಬೆಕ್ಕು. ಇದು ಬರೀ ಪಂಜದ ತುಂಡುಗಳು... ಪಂಜದ ಚರ್ಮ ಅಂದ್ರೆ ಬೆರಳಗಲ ಇರುತ್ತೆ. ಅದನ್ನ ಬಿಸಾಡೋದಿಲ್ಲ ನಾವು, ಕೂದಲು ಒಂದೇ ಕಡೆ ವಾಲೋ ಹಾಗೆ ಜೋಡಿಸಿ ಜೋಡಿಸಿ ಟೋಪಿ ಮಾಡ್ತೀವಿ. ಮಾಡ್ತಿದ್ವಿ. ಎಲ್ಲಾ ಕಟ್ಟಿಟ್ಟಿದ್ದೀನಿ. ಯಾಕೆ ಇಷ್ಟು ವಿವರವಾಗಿ ಹೇಳ್ತಿದ್ದೀನಿ ಅಂದ್ರೆ, ನಾಳೆ ಯಾರಾದ್ರೂ ಕೇಳಿದ್ರೆ ನಿನಗೆ ಉತ್ತರ ಗೊತ್ತಿರಬೇಕಲ್ಲ, ಅದಕ್ಕೆ. ಬೇರೆ ಏನೂ ಇಲ್ಲ.

ಮೊಲದ ತುಪ್ಪಳ ಮಾರಬಹುದಂತೆ, ಕೇಳಿದ್ಯಾ? ನಿಮ್ಮ ಸಾಹೇಬರೇ ಹೇಳಿದ್ರು, ಬಹಳ ಪ್ರೀತಿಯಿಂದ. "ಅಸದ್ ಜೂ, ಸಾಕಿದ ಮೊಲಕ್ಕೆ ಅಡ್ಡಿ ಇಲ್ಲ." ಮೊಲ! ಸ್ವಲ್ಪ ಎಳೆದ್ರೆ ಕೂದಲು ಕೈಗೇ ಬರುತ್ತೆ, ಎರಡು ಚಳಿಗಾಲಕ್ಕೆ ಬೋಳಾಗುತ್ತೆ. ನಮ್ಮಪ್ಪ ಹೊಲಿದ ಕೋಟು ತಾಯಿ ಹಾಕಿ, ಮಗಳು ಹಾಕಿ, ಮೊಮ್ಮಗಳು ಹಾಕ್ಬೇಕು, ಹಾಗಿರ್ತಿತ್ತು. ಈಗ ಅವರ ಮಗ ಮೊಲದ ಕೈಗವಸು ನೇತುಹಾಕ್ಕೊಂಡು ಹೌಸ್‌ಬೋಟುಗಳ ಮುಂದೆ ಕೂಗಬೇಕಂತೆ!

ಆ ಬೋಟಿನ ವಿಷಯ ಹೇಳಿದ್ನಾ ನಿನಗೆ? ಹಿಂದೆ ವಿದೇಶಿ ಹೆಂಗಸರು ಹೌಸ್‌ಬೋಟಿನಲ್ಲಿ ಕಾಲು ಚಾಚಿಕೊಂಡು ಕೂತು ಅಳತೆ ಕೊಡೋರು. ಅಪ್ಪ ಮಂಡಿಯೂರಿ ಅಳತೆ ತಗೊಳ್ಳೋರು. ಇನ್ನೂ ಉದ್ದ ಬೇಕು, ಇನ್ನೂ ದಟ್ಟ ಬೇಕು... ಬೇಕು, ಬೇಕು, ಬೇಕು. ಹೋದ ಬೇಸಿಗೇಲಿ ಅದೇ ದೇಶದ ಕಡೆಯ ಒಬ್ಬಳು ಹುಡುಗಿ ಇಲ್ಲಿ ಬಾಗಿಲಲ್ಲಿ ನಿಂತು ನನ್ನ ಮುಖಕ್ಕೆ "ಕೊಲೆಗಾರ" ಅಂದ್ಲು. "ನಿನ್ನ ಅಜ್ಜಿ ಅಲಮಾರಿ ತೆಗೆದು ನೋಡಮ್ಮ ತಾಯಿ" ಅಂತ ಹೇಳ್ಬೇಕು ಅನ್ನಿಸ್ತು. ಭಾಷೆ ಬರ್ಲಿಲ್ಲ. ಚಹಾ ಕುಡೀತೀಯಾ ಅಂತ ಕೇಳ್ದೆ. ಅಷ್ಟೇ ಬರೋದು ನನಗೆ ಆ ಭಾಷೇಲಿ... ಈಗ ನೀನು ನಕ್ಕೆ! ಈ ಸಲ ಖಂಡಿತ ನಕ್ಕೆ. ನಗು, ಪರವಾಗಿಲ್ಲ.

ನಿಮ್ಮದೇ ತಪ್ಪು ಅಂತ ನಾನು ಹೇಳ್ತಿಲ್ಲ ಶಬಾನ್. ಮದುವೆ ಆದ ಹೊಸದರಲ್ಲಿ ನನ್ನನ್ನ ಕಾಡಿಗೆ ಕರ್ಕೊಂಡು ಹೋಗಿದ್ದೆ, ನೆನಪಿದೆಯಾ? ತಂತಿ ಉರುಳಿಗೆ ಸಿಕ್ಕ ಬೆಕ್ಕು. ಕಾಲನ್ನ ತಾನೇ ಕಚ್ಚಿ ಕಚ್ಚಿ... ಹಿಮ ಎಲ್ಲಾ ಕೆಂಪು. ನಮ್ಮ ಕೈಗೆ ಬರೋವಾಗ ಅದು ಹದ ಮಾಡಿದ ಚರ್ಮ ಆಗಿರುತ್ತೆ, ಮೆತ್ತಗೆ, ಬೆಚ್ಚಗೆ. ಅದಕ್ಕೆ ಕಾಲು ಇತ್ತು ಅಂತ ನೆನಪಾಗೋದೇ ಇಲ್ಲ. ಅವತ್ತು ನೆನಪಾಯ್ತು. ಆಮೇಲೆ ನಾನು ಹೊಸ ಚರ್ಮ ಮುಟ್ಟಿಲ್ಲ, ಕುರಾನ್ ಮುಟ್ಟಿ ಹೇಳ್ತೀನಿ. ನಿಷೇಧ ಬೇಡ ಅಂತ ಯಾರು ಅಂದ್ರು? ಮಾರಬೇಡಿ ಅಂದ್ರು, ಬಿಟ್ಟೆ. ಆದ್ರೆ ಸತ್ತು ಹೋಗಿರೋದನ್ನ ಹೊತ್ಕೊಂಡು ಹೋಗಿ ಸುಡೋದು ಯಾಕೆ? ಸೀಮೆಎಣ್ಣೆ ಸುರಿದು! ಹಿಂದಿನ ಸಲ ನೀವು ಹಿಡಿದ ತುಪ್ಪಳ ಸುಟ್ಟಾಗ ನಾನು ಹೋಗಿ ನಿಂತಿದ್ದೆ. ಪಕ್ಕದ ಬೀದಿ ಮುದುಕರೆಲ್ಲಾ ಬಂದಿದ್ರು. ಹೊಗೆ ಬಂದಾಗ ಒಬ್ಬರು "ಇದು ನಂದು" ಅಂದ್ರು. ವಾಸನೇಲೇ ಗೊತ್ತಾಯ್ತಂತೆ! ಆ ಬೆಕ್ಕು ಒಂದು ಸಲ ಸತ್ತಿತ್ತು, ನೀವು ಇನ್ನೊಂದು ಸಲ ಕೊಂದ್ರಿ. ಗಾಜಿನ ಪೆಟ್ಟಿಗೇಲಿ ಇಡಿ, ಕೆಳಗೆ ಬರೀರಿ, ನಾವು ಹೀಗೆ ಮಾಡಿದ್ವಿ, ಇನ್ನು ಮಾಡೋದಿಲ್ಲ ಅಂತ. ಮಕ್ಕಳು ನೋಡ್ಲಿ, ಬೈಲಿ!

ಏನು ನೋಡ್ತೀಯ ಅಲ್ಲಿ? ಆ ಗೂಟಾನಾ? ಖಾಲಿ ಗೂಟ ಅದು.

...ಹೌದು, ಅಪ್ಪನ ಕೋಟು ಅಲ್ಲೇ ಇರ್ತಿತ್ತು. ಕಾಡುಬೆಕ್ಕಿನದು, ಅವರ ಕಡೇ ಕೆಲಸ. ಕಣ್ಣು ಮಂಜಾದ ಮೇಲೆ ಕೂದಲನ್ನ ಕೆನ್ನೆಗೆ ಒತ್ತಿ ಒತ್ತಿ ಜೋಡಿಸಿದ್ದು. ಹೋಯ್ತು ಅದು. ಹುಳ ಹಿಡೀತು. ಈ ಚಳಿಗಾಲಕ್ಕೆ ಮೊದಲೇ ಹಿಡೀತು, ತೆಗೆದು ನೋಡ್ತೀನಿ, ಬೆನ್ನೆಲ್ಲಾ ಉದುರ್ತಾ ಇದೆ. ಝೇಲಂ ನದಿಗೆ ಹಾಕ್ಬಿಟ್ಟೆ. ಯಾಕೆ ಹಾಗೆ ನೋಡ್ತೀಯ? ತುಪ್ಪಳದವನ ಅಂಗಡೀಲಿ ಹುಳ ಹೇಗೆ ಬಂತು ಅಂತಾನಾ? ಬರುತ್ತೆ! ಪ್ರತಿ ವಸಂತ ಬಿಸಿಲಿಗೆ ಹಾಕಿ ಬೆತ್ತದಲ್ಲಿ ಬಡೀಬೇಕು, ಕರ್ಪೂರ ಇಡಬೇಕು. ಬೀದಿ ಕಡೆ ಹರವಿದ್ರೆ ನಿಮ್ಮೋರು ಬರ್ತಾರೆ ಅಂತ ಹರವಲಿಲ್ಲ. ಬಂತು ಹುಳ. ಕರ್ಪೂರ ಇತ್ತು, ಆದ್ರೂ ಬಂತು. ಹಳೇ ಕರ್ಪೂರ ಇರ್ಬೇಕು... ಚಹಾ ಕುಡಿಯೋ, ಕೆನೆ ಕಟ್ತಾ ಇದೆ!

ನೀನು ಏನಾದ್ರೂ ಮಾತಾಡಿದ್ರೆ ನಾನು ಇಷ್ಟು ಮಾತಾಡ್ಬೇಕಾಗಿರಲಿಲ್ಲ.

ತಡಿ. ಆ ಸದ್ದು... ಕೇಳಿಸ್ತಾ? ಹತ್ತಿ ಹಿಂಜೋನ ಬಿಲ್ಲು. ಬಂದ್ಬಿಟ್ಟನಾ ಈ ವರ್ಷ ಇಷ್ಟು ಬೇಗ! ಹಿಮ ಕರಗಿದ್ದೇ ತಡ, ಹಾಸಿಗೆ ರಜಾಯಿ ಬಿಚ್ಚಿ ಅಂತ ಬೀದಿ ಬೀದಿ ಸುತ್ತೋಕೆ ಶುರು. ನಿಮ್ಮ ಕಡೆ ಬಂದಿದ್ನಾ? ನಿಮ್ಮ ಓಣಿಗೆ? ಸುಮ್ನೆ ಕೇಳ್ದೆ. ನಿಮ್ಮಮ್ಮನಿಗೆ ಎಲ್ಲವನ್ನೂ ಬಿಚ್ಚಿಸಿ ಹಿಂಜಿಸೋ ಹುಚ್ಚು ಜಾಸ್ತಿ, ಅದಕ್ಕೆ. ಹಳೇ ರಜಾಯಿಗಳನ್ನ ಹಿಂಜಿಸ್ಲಿ, ಬೇಡ ಅನ್ನೋದಿಲ್ಲ. ಆದ್ರೆ ಮಗುವಿಂದು ಬೇಡ. ಇನ್ಶಾ ಹುಟ್ಟಿದಾಗ ನಾನು ತವರಿನ ಕಡೆಯಿಂದ ಕಳಿಸಿದ್ನಲ್ಲ, ಹೂವಿನ ಗಲೀಫಿನ ರಜಾಯಿ, ಅದು. ಹೊಸದು ಅದು. ಹತ್ತಿ ಇನ್ನೂ ಗಂಟುಕಟ್ಟಿಲ್ಲ. ನಾನೇ ನನ್ನ ಕೈಯಾರೆ ಹೊಲಿದದ್ದು. ತವರಿಂದ ಬಂದದ್ದನ್ನ ಮಗುವಿಗೆ ವರ್ಷ ತುಂಬೋವರೆಗೆ ಬಿಚ್ಚಬಾರದು ಅಂತ ನಿಮ್ಮಮ್ಮನೇ ಹೇಳ್ತಾರಲ್ಲ. ಅದನ್ನ ನಂಬಿಕೊಂಡೇ ನಾನು...

ನಂಬಿಕೊಂಡೇ ಕಳಿಸ್ದೆ. ಅಂದ್ರೆ, ಜೋಪಾನವಾಗಿ ಇರುತ್ತೆ ಅಂತ.

ಸ್ವಲ್ಪ ಭಾರ ಇದೆ, ಒಪ್ತೀನಿ. ಒಳ್ಳೆ ಹತ್ತಿ ಭಾರಾನೇ ಇರುತ್ತೆ. ಹಲೀಮಾನೂ ಕೇಳಿದ್ಲು, "ಇದೇನಣ್ಣ, ಇಷ್ಟು ಭಾರ, ಮಗು ಇಷ್ಟು ಚೆನ್ನಾಗಿ ನಿದ್ದೆ ಮಾಡುತ್ತೆ" ಅಂತ. ನಿನಗೂ ಹೇಳಿದ್ಲಾ? ಯಾಕೆ ಲೋಟ ಕೆಳಗಿಟ್ಟೆ? ಶಬಾನ್... ಬಿಚ್ಚಿಬಿಟ್ರಾ? ಬೆಳಗ್ಗೆನೇ ಬಿಚ್ಚಿದ್ರಾ? ಅದಕ್ಕೇ ಬಂದ್ಯಾ ನೀನು? ಬಂದಾಗಿನಿಂದ ಬಾಯಿ ಮುಚ್ಚಿಕೊಂಡು ಕೂತಿರೋದು ಅದಕ್ಕೇನಾ? ಹಾಗಾದ್ರೆ ಬೈದ್ಬಿಡು! ಎಲ್ಲಾ ಗೊತ್ತಿಟ್ಟುಕೊಂಡು ನನ್ನ ಕೈಲಿ ಹುಳದ ಕಥೆ ಹೇಳಿಸ್ತೀಯಲ್ಲ, ನಾಚಿಕೆ ಆಗಲ್ವಾ ನಿನಗೆ? ಹೌದು, ಅಪ್ಪನ ಕೋಟು ಅದರೊಳಗೇ ಇದೆ! ಹತ್ತಿ ನಡುವೆ ಇಟ್ಟು ಹೊಲಿದೆ! ಗಾರ್ಡ್ ಮನೆಯನ್ನ ಯಾರೂ ಜಾಲಾಡೋದಿಲ್ಲ, ಮಗುವಿನ ಹಾಸಿಗೆಗೆ ಯಾರೂ ಕೈ ಹಾಕೋದಿಲ್ಲ. ಬೆಂಕಿಗೆ ಹಾಕೋಕೆ ಆಗ್ಲಿಲ್ಲ ನನ್ನ ಕೈಲಿ, ಅಷ್ಟೇ! ಮಾರ್ತೀನಾ ನಾನು ಅದನ್ನ? ಯಾರಿಗೆ ಮಾರ್ಲಿ? ಇರ್ಲಿ ಎಲ್ಲೋ ಒಂದು ಕಡೆ ಅಂತ...

...ಯಾಕೆ ಹಾಗೆ ಬೆಳ್ಳಗಾದೆ?

ಗೊತ್ತಿರಲಿಲ್ವಾ?

ಬಿಚ್ಚಿರಲಿಲ್ವಾ ಹಾಗಾದ್ರೆ? ಮತ್ತೆ... ಮತ್ತೆ ಯಾಕೆ ಬಂದೆ ಇಲ್ಲಿಗೆ? ಸುಮ್ನೆ? ನಾಳೆ ಅಂಗಡಿ ಖಾಲಿ ಆಗುತ್ತೆ, ಭಾವ ಒಬ್ಬನೇ ಇರ್ತಾನೆ ಅಂತ, ಜೊತೆಗೆ ಕೂರೋಕೆ ಬಂದ್ಯಾ? ಯಾ ಅಲ್ಲಾ. ಇಷ್ಟು ಹೊತ್ತು ನೀನು ಸುಮ್ನೆ ನನ್ನ ಜೊತೆ ಕೂತಿದ್ಯಾ?

ಏಳ್ಬೇಡ. ಕೂತ್ಕೋ. ಶಬಾನ್, ಬೂಟು ಆಮೇಲೆ ಹಾಕ್ಕೋ, ಮೊದಲು ನನ್ನ ಮಾತು ಕೇಳು. ಮನೆಗಾ ಹೋಗ್ತಿರೋದು, ಆಫೀಸಿಗಾ? ಮನೆಗೆ ತಾನೆ? ನೋಡು, ಬಿಚ್ಚೋದಾದ್ರೆ ಕತ್ತರಿ ಹಾಕ್ಬೇಡ, ಕತ್ತರಿ ಕೂದಲನ್ನೂ ಕತ್ತರಿಸಿಬಿಡುತ್ತೆ. ಚರ್ಮದ ಕಡೆಯಿಂದ ಬ್ಲೇಡಿನಲ್ಲಿ... ಏನು ಹೇಳ್ತಿದ್ದೀನಿ ನಾನು. ತಡಿ, ಬೀಗ ಹಾಕ್ತೀನಿ, ನಾನೂ ಬರ್ತೀನಿ. ಸಾಹೇಬರ ಹತ್ರ ನಾನೇ ಹೇಳ್ತೀನಿ, ಅವನಿಗೆ ಗೊತ್ತಿರಲಿಲ್ಲ, ಹುಡುಗಿಗೂ ಗೊತ್ತಿರಲಿಲ್ಲ, ಎಲ್ಲಾ ನಂದೇ ಅಂತ. ನಂಬ್ತಾರೆ. ನಂಬಲ್ವಾ? ನೀನು ಮಾತು ಕೊಟ್ಟಿದ್ದು ಇವತ್ತು ಬೆಳಗ್ಗೆ. ನಾನು ಹೊಲಿದದ್ದು ಚಳಿಗಾಲದಲ್ಲಿ. ನೀನು ಹೀಗೆ ಹೋಗಿ ನನಗಾಗಿ ನಿಲ್ತೀಯ ಅಂತ ಕನಸು ಬಿದ್ದಿತ್ತಾ ನನಗೆ? ಸಿಕ್ಕಿಬಿದ್ರೆ ಯಾರ ತಲೆ ಮೇಲೆ ಬರುತ್ತೆ ಅಂತ ನಾನು ಆಗ ಯೋಚನೆ ಮಾಡಿರಲಿಲ್ಲ.

ಹಾಗೆ ನೋಡ್ಬೇಡ. ಮಾಡಿರಲಿಲ್ಲ ಅಂದ್ನಲ್ಲ!

ಒಂದು ಮಾತಾದ್ರೂ ಆಡೋ... ಬೈಯೋ...

ಮಾಡಿದ್ದೆ ಶಬಾನ್. ಸಿಕ್ಕಿದ್ರೆ ನಿನ್ನ ಮನೇಲಿ ಸಿಗುತ್ತೆ, ನನ್ನ ಮನೇಲಿ ಅಲ್ಲ ಅಂತ ಯೋಚನೆ ಮಾಡೇ ಸೂಜಿಗೆ ದಾರ ಹಾಕಿದ್ದೆ.